ನಲವತ್ತೆರಡನೇ ದಿನದ ಮೇಲೆ ಬಾಣಂತಿಯನ್ನು ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಹೆರಿಗೆಯಾಗಿ ಮನೆ ಸೇರಿದ ತಾಯಿ–ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಿ ನೋಡಬೇಕೆಂಬ ನಿಯಮವಿದೆ. ಅಲ್ಲಿಂದ ಮುಂದಿನ ಮನೆ ಭೇಟಿ ಮೂರನೇ ತಿಂಗಳಿಗೆ. ಲಸಿಕೆಗೆಂದು ತಾಯಿ ಹೊರಗೆ ಬರುವುದು 6, 10 ಮತ್ತು 14ನೇ ವಾರ. ಅದು ಮುಗಿದರೆ ಮತ್ತೆ ಚುಚ್ಚುಮದ್ದು ಒಂಬತ್ತು ತಿಂಗಳಿಗೇ. ನಮ್ಮ ಹಾಸನ ಜಿಲ್ಲೆಯಲ್ಲಿ ಚೊಚ್ಚಲ ಬಾಣಂತಿ ತವರಿನಿಂದ ಗಂಡನ ಮನೆಗೆ ಹೊರಡುವುದು ಸಾಮಾನ್ಯವಾಗಿ ಮೂರು ಅಥವಾ ಐದನೇ ತಿಂಗಳಲ್ಲಿ. ಕೆಲಸಕ್ಕೆ ಹೋಗುವವಳ 26 ವಾರದ ರಜೆ ಮುಗಿಯುವುದು, ಮಗುವಿಗೆ ರಾಗಿ ಸರಿ ಶುರುವಾಗುವುದು, ಎರಡೂ ಆರು ತಿಂಗಳಿಗೆ. ಹೀಗೆ ತಾಯಿಯ ಬದುಕು ಹೆಚ್ಚು ಅಲುಗಾಡುವ ಹೊತ್ತಿಗೇ ಅವಳನ್ನು ‘ಹೇಗಿದ್ದೀಯಮ್ಮ’ ಎಂದು ಕೇಳುವವರು ಇಲ್ಲವಾಗುತ್ತಾರೆ.

ಈ ಖಾಲಿ ಜಾಗ ತುಂಬಲು ಹೊಸ ಯೋಜನೆ, ಹೊಸ ಕಟ್ಟಡ ಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ವರ್ಷದೊಳಗಿನ ಮಕ್ಕಳ ತಾಯಂದಿರು ಒಟ್ಟಿಗೆ ಕೂರುವ ಒಂದು ಜಾಗ ಸಾಕು. ಎದೆಹಾಲು ಕುಡಿಸುವುದಕ್ಕೆ ಒತ್ತು ಕೊಡಲು 2016ರಲ್ಲಿ ಬಂದ ಸರ್ಕಾರದ ‘ಮಾ’ ಕಾರ್ಯಕ್ರಮದಲ್ಲಿ ಆಶಾ ಮೂರು ತಿಂಗಳಿಗೊಮ್ಮೆ ತಾಯಂದಿರ ಸಭೆ ನಡೆಸಬೇಕೆಂದು ಇದೆ. ಉದ್ದೇಶ ಒಳ್ಳೆಯದೇ. ಆದರೆ ಮೊಲೆತೊಟ್ಟು ಒಡೆದು ಕಣ್ಣೀರು ಹಾಕುತ್ತಾ ಹಾಲು ಕುಡಿಸುವವಳಿಗೆ ಮೂರು ತಿಂಗಳ ಮೇಲಿನ ಸಭೆಯಿಂದ ಏನೂ ಉಪಯೋಗವಿಲ್ಲ. ಅಷ್ಟರಲ್ಲಿ ಡಬ್ಬಿ ಹಾಲು ಮನೆ ಹೊಕ್ಕು, ಎದೆಹಾಲು ಬತ್ತಿ ಆಗಿರುತ್ತದೆ. ಸಭೆ ಇರಬೇಕಾದ್ದು ತಿಂಗಳಿಗೆ ಎರಡು. ನಾವು ಈ ಪತ್ರದಲ್ಲಿ ಕೇಳುತ್ತಿರುವುದು ಅದನ್ನೇ.

ತಾಯಂದಿರು ಕೂತು ಮಾತಾಡಿದರೆ ಏನಾಗುತ್ತದೆ ಎನ್ನುವವರಿಗೆ ಒಂದು ಲೆಕ್ಕ ಹೇಳಬೇಕು. ಜಾರ್ಖಂಡ್ ಮತ್ತು ಒಡಿಶಾದ ಬುಡಕಟ್ಟು ಹಳ್ಳಿಗಳಲ್ಲಿ 2005ರಿಂದ 2008ರವರೆಗೆ ಹೆಂಗಸರ ಗುಂಪುಗಳು ತಿಂಗಳಿಗೊಮ್ಮೆ ಸೇರಿ ಬಸಿರು, ಬಾಣಂತನದ ತೊಂದರೆಗಳನ್ನು ಚರ್ಚಿಸಿ, ಅವಕ್ಕೆ ತಾವೇ ದಾರಿ ಹುಡುಕಿಕೊಂಡವು. ಗುಂಪು ನಡೆಸಿದವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ತರಬೇತಿ ಪಡೆದ ಆ ಕಡೆಯದೇ ಹೆಂಗಸರು. 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು ಶೇ 32ರಷ್ಟು ಕಡಿಮೆಯಾಗಿತ್ತು. ಮೂರನೇ ವರ್ಷದಲ್ಲಿ ತಾಯಂದಿರ ಮಧ್ಯಮ ಮಟ್ಟದ ಖಿನ್ನತೆ ಶೇ 57ರಷ್ಟು ಇಳಿದಿತ್ತು. ಇಂಥ ಗುಂಪುಗಳನ್ನು ನಡೆಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2014ರಲ್ಲಿ ಶಿಫಾರಸು ಮಾಡಿದೆ.

ಈಗ ನಡೆಸುವ ಬಗೆ. ಒಂದು ಗುಂಪಿಗೆ ಎಂಟರಿಂದ ಹನ್ನೆರಡು ತಾಯಂದಿರು. ಹದಿನೈದು ದಾಟಿದರೆ ಅದು ಭಾಷಣವಾಗುತ್ತದೆ. ಐದಕ್ಕಿಂತ ಕಡಿಮೆಯಿದ್ದರೆ ಇಬ್ಬರು ಬಾರದ ದಿನ ಸಭೆಯೇ ಇಲ್ಲ. ಎಲ್ಲರೂ ಒಂದೇ ವಯಸ್ಸಿನ ಮಕ್ಕಳ ತಾಯಂದಿರಾಗಿರಬಾರದು. ಎಂಟು–ಹತ್ತು ತಿಂಗಳ ಮಗುವಿನ ತಾಯಿ ಇಬ್ಬರಾದರೂ ಇರಬೇಕು. ‘ನನ್ನ ಮಗಳೂ ಎರಡನೇ ತಿಂಗಳಲ್ಲಿ ಸಾಯಂಕಾಲ ಆದರೆ ಸಾಕು, ಹಿಂಗೇ ಅಳ್ತಿದ್ಲು ಕಣೆ, ಆಮೇಲೆ ತಾನಾಗೇ ನಿಂತ್ಹೋಯ್ತು’ ಎಂಬ ಮಾತು ನಮ್ಮಂಥವರ ಬಾಯಲ್ಲಿ ಬಂದರೆ ಸಲಹೆ, ಹತ್ತು ತಿಂಗಳ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡವಳ ಬಾಯಲ್ಲಿ ಬಂದರೆ ಧೈರ್ಯ.

ಜಾಗಕ್ಕೆ ಅಂಗನವಾಡಿಯೇ ಸರಿ. ಜಮಖಾನ ಹಾಸಿ, ಗೋಡೆಗೆ ಒರಗಿ ಕೂರುವಂತಿರಬೇಕು. ಸಿಸೇರಿಯನ್ ಆದವರಿಗೆ ನೆಲದಿಂದ ಏಳುವುದು ಕಷ್ಟ, ಅವರಿಗೆಂದು ಎರಡು ಕುರ್ಚಿ ಇರಲಿ. ಫ್ಲಾಸ್ಕಿನಲ್ಲಿ ಬಿಸಿನೀರು, ಒಂದು ಬಕೆಟ್ ನೀರು, ಸೋಪು, ಕಿಟಕಿಗೆ ಒಂದು ಹಳೇ ಸೀರೆಯ ಪರದೆ. ಗಂಡಸರು ಬಂದು ಹೋಗುವ ಪಂಚಾಯ್ತಿ ಸಭಾಂಗಣ ಬೇಡ, ಅಲ್ಲಿ ಯಾವ ತಾಯಿಯೂ ಸೆರಗು ಸರಿಸಿ ಮಗುವನ್ನು ಎದೆಗಿಡಲಾರಳು.

ಸಮಯ ಗೊತ್ತು ಮಾಡುವಲ್ಲೇ ಹೆಚ್ಚಿನ ಸಭೆಗಳು ಸೋಲುತ್ತವೆ. ಬೆಳಿಗ್ಗೆ ಹನ್ನೊಂದು ಗಂಟೆ ಇಲಾಖೆಗೆ ಅನುಕೂಲ, ತೋಟದ ಕೆಲಸಕ್ಕೆ ಹೋಗುವವಳಿಗಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಫಿ ತೋಟದ ಕೂಲಿಕಾರರ ಲೈನ್ ಮನೆಗಳ ತಾಯಂದಿರಿಗೆ ಬಿಡುವು ಸಿಗುವುದು ಸಾಯಂಕಾಲ ಐದರ ಮೇಲೆ, ಇಲ್ಲವೇ ರಜೆಯ ದಿನ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಸೀಮೆಯಲ್ಲಿ ಮಧ್ಯಾಹ್ನ ಊಟವಾಗಿ, ಕೊಟ್ಟಿಗೆ ಕೆಲಸ ಶುರುವಾಗುವ ಮುಂಚೆ, ಎರಡರಿಂದ ನಾಲ್ಕರ ನಡುವೆ ಒಂದು ಗಂಟೆ ಸಿಕ್ಕೀತು. ಹಾಸನದ ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲ. ಸಂತೆ ದಿನ ಮಾತ್ರ ಎಲ್ಲೂ ಬೇಡ.

ಮೊದಲ ನಲವತ್ತು ದಿನ ಬಾಣಂತಿ ಹೊಸಿಲು ದಾಟುವುದಿಲ್ಲ. ಅದನ್ನು ತಪ್ಪೆಂದು ವಾದಿಸುತ್ತಾ ಕೂರುವ ಬದಲು ಗುಂಪಿನ ಇಬ್ಬರು ಅವಳ ಮನೆಗೆ ಹೋಗಲಿ. ನೆಗಡಿ–ಕೆಮ್ಮು ಇದ್ದವರು ಬೇಡ. ಹೋದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಬೇಕು, ಮಗುವಿಗೆ ಮುತ್ತು ಕೊಡಬಾರದು, ಅರ್ಧ ಗಂಟೆಗಿಂತ ಹೆಚ್ಚು ಕೂರಬಾರದು. ಮನೆಯವರು ಕಾಫಿ ಕಾಸಲು ಹೊರಟರೆ ತಡೆದು, ಬಾಣಂತಿಗೆ ‘ನಾನು ಮಗು ಎತ್ಕೋತೀನಿ, ನೀನು ಸ್ನಾನ ಮುಗಿಸ್ಕೊಂಡು ಬಾ’ ಅನ್ನಬೇಕು. ಹಣ್ಣಿನ ಬುಟ್ಟಿಗಿಂತ ಇದು ದೊಡ್ಡ ಉಡುಗೊರೆ.

ಸಭೆಯಲ್ಲಿ ‘ಹೇಗಿದ್ದೀಯಾ?’ ಎಂದು ಕೇಳಿದರೆ ‘ಚೆನ್ನಾಗಿದ್ದೀನಿ’ ಎಂದೇ ಉತ್ತರ ಬರುತ್ತದೆ. ಕೇಳಬೇಕಾದ್ದು ಸಣ್ಣ ಪ್ರಶ್ನೆಗಳನ್ನು. ನಿನ್ನೆ ರಾತ್ರಿ ಒಂದೇ ಸಮನೆ ಎಷ್ಟು ಹೊತ್ತು ಮಲಗಿದ್ದೆ? ಮಗು ಮಲಗಿದಾಗ ನಿನಗೂ ನಿದ್ದೆ ಬರುತ್ತಾ? ಬೆಳಿಗ್ಗೆ ತಿಂಡಿ ಎಷ್ಟೊತ್ತಿಗೆ ತಿಂದೆ? ನಿನ್ನೆ ಎಷ್ಟು ಲೋಟ ನೀರು ಕುಡಿದೆ? ಈ ನಾಲ್ಕಕ್ಕೆ ಉತ್ತರ ಬರುವಷ್ಟರಲ್ಲಿ ಒಳಗಿದ್ದದ್ದು ತಾನಾಗಿ ಹೊರಗೆ ಬರುತ್ತದೆ. ನಡೆಸುವವರು ಒಂದು ಸಭೆಗೆ ಒಂದೇ ವಿಷಯ ತರಲಿ, ಅದೂ ಹತ್ತು ನಿಮಿಷ. ಮಿಕ್ಕದ್ದು ತಾಯಂದಿರದು.

ಎಲ್ಲ ಗುಂಪಿನಲ್ಲೂ ಮೊದಲು ಬರುವ ಮಾತು ಒಂದೇ: ‘ಹಾಲು ಸಾಲ್ತಿಲ್ಲ.’ ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹುಟ್ಟಿದ ಮಗುವಿನ ಹೊಟ್ಟೆ ಮೊದಲ ದಿನ ಹಿಡಿಯುವುದು ಒಂದು ಹೊತ್ತಿಗೆ ಒಂದು ಚಮಚದಷ್ಟು. ಹಾಗಾಗಿ ಹನಿಹನಿಯಾಗಿ ಬರುವ ಗಿಣ್ಣುಹಾಲೇ ಅದಕ್ಕೆ ಪೂರ್ತಿ ಊಟ. ಮೊದಲ ವಾರದಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ; ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು, ರಾತ್ರಿಯೂ ಸೇರಿ. ಐದನೇ ದಿನದಿಂದ ಮಗು ಇಪ್ಪತ್ನಾಲ್ಕು ಗಂಟೆಯಲ್ಲಿ ಆರು ಸಲವಾದರೂ ತಿಳಿಯಾದ ಮೂತ್ರ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಎದೆ ಮೆತ್ತಗಾಯಿತು, ಸಾಯಂಕಾಲ ಮಗು ಬಿಡದೆ ಚೀಪುತ್ತದೆ, ಅಳುತ್ತದೆ ಎಂಬುವು ಹಾಲು ಕಡಿಮೆಯಾದ ಗುರುತಲ್ಲ. ಆದರೆ ಆ ಸಾಯಂಕಾಲದ ಅಳುವಿಗೇ ಮನೆಯವರು ಹೆದರಿ ಬಾಟಲಿ ಕೊಡುತ್ತಾರೆ. ಬಾಟಲಿ ಕುಡಿದ ಮಗು ಎದೆಗೆ ಬರುವುದು ಒಂದು ಸಲ ಕಡಿಮೆ. ಚೀಪಿದಷ್ಟೇ ಹಾಲು ಊರುವುದರಿಂದ ಮಾರನೇ ದಿನ ನಿಜವಾಗಿಯೂ ಹಾಲು ತಗ್ಗುತ್ತದೆ. ‘ನೋಡು, ನಾನು ಹೇಳಲಿಲ್ವಾ’ ಎಂಬ ಮಾತು ಆಗ ಬರುತ್ತದೆ. ಈ ಸುಳಿಯನ್ನು ಚೀಟಿ ಅಂಟಿಸಿ ಬಿಡಿಸಲಾಗದು. ಅದರಿಂದ ಪಾರಾಗಿ ಬಂದ ಇನ್ನೊಬ್ಬ ತಾಯಿ ಪಕ್ಕದಲ್ಲಿ ಕೂರಬೇಕು.

ತೊಟ್ಟು ಒಡೆಯುವುದಕ್ಕೆ ಹೆಚ್ಚಿನ ಸಲ ಕಾರಣ ಮಗು ಬರೀ ತೊಟ್ಟನ್ನು ಕಚ್ಚಿಕೊಂಡಿರುವುದು. ಸಭೆಯಲ್ಲಿ ಟವೆಲ್ ಸುತ್ತಿ ಮಾಡಿದ ಬೊಂಬೆಯಲ್ಲಿ ತೋರಿಸಿ, ಆಮೇಲೆ ತಾಯಿಯ ಕೈಯಲ್ಲೇ ಮಾಡಿಸಬೇಕು. ಮಗುವಿನ ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿದ್ದು, ಹೊಟ್ಟೆ ತಾಯಿಯ ಹೊಟ್ಟೆಗೆ ಅಂಟಿರಲಿ. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬರಲಿ. ತೊಟ್ಟನ್ನು ಅದರ ಮೇಲ್ದುಟಿಗೆ ಮೆಲ್ಲಗೆ ಸೋಕಿಸಿದರೆ ಮಗು ಆಕಳಿಸುವಂತೆ ಬಾಯಿ ತೆರೆಯುತ್ತದೆ. ಆಗ ತಾಯಿ ಬಗ್ಗಬಾರದು, ಮಗುವನ್ನೇ ಎದೆಗೆ ತರಬೇಕು. ಮೊದಲು ಗದ್ದ ತಾಗಬೇಕು. ಸರಿಯಾಗಿ ಹಿಡಿದಿದ್ದರೆ ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ಗಡೆ ಹೆಚ್ಚು ಕಾಣುತ್ತದೆ, ಕೆನ್ನೆ ಗುಳಿ ಬೀಳುವುದಿಲ್ಲ, ಗುಟುಕು ನುಂಗುವ ಸದ್ದು ಕೇಳುತ್ತದೆ. ಮಗು ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ ಬಿಳಚಿಕೊಂಡಿದ್ದರೆ ಹಿಡಿತ ತಪ್ಪಿತ್ತೆಂದು ತಿಳಿಯಬೇಕು. ನೋಯುತ್ತಿದ್ದರೆ ಎಳೆದು ಬಿಡಿಸಬಾರದು. ಬಾಯಿಯ ಮೂಲೆಯಿಂದ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸಬೇಕು. ಒಡೆದ ಜಾಗಕ್ಕೆ ಕೊನೆಯ ಎರಡು ಹನಿ ಎದೆಹಾಲನ್ನೇ ಸವರಿ ಗಾಳಿಗೆ ಒಣಗಲು ಬಿಟ್ಟರೆ ಸಾಕು. ಎದೆಯ ಒಂದು ಕಡೆ ಕೆಂಪಾಗಿ ಗಟ್ಟಿಯಾಗಿ, ಚಳಿ ಜ್ವರ ಬಂದರೆ ಮಾತ್ರ ಅಂದೇ ಡಾಕ್ಟರ ಹತ್ತಿರ ಹೋಗಬೇಕು, ಹಾಲು ಕುಡಿಸುವುದನ್ನು ನಿಲ್ಲಿಸಬಾರದು.

ಕೆಲಸಕ್ಕೆ ಮರಳುವವಳಿಗೆ ಕೈಯಲ್ಲೇ ಹಾಲು ತೆಗೆಯುವುದನ್ನು ಎರಡು ವಾರ ಮುಂಚೆ ಕಲಿಸಬೇಕು. ಸ್ಟೀಲ್ ಲೋಟವನ್ನು ಕುದಿಸಿ ಆರಿಸಿ, ಎದೆಗೆ ಬೆಚ್ಚಗಿನ ಬಟ್ಟೆ ಇಟ್ಟು, ತೊಟ್ಟಿನಿಂದ ಎರಡು ಬೆರಳು ಹಿಂದಕ್ಕೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅದುಮಿ ಬಿಡಬೇಕು. ಚರ್ಮದ ಮೇಲೆ ಜಾರಿಸಬಾರದು. ಮೊದಲ ನಿಮಿಷದಲ್ಲಿ ಏನೂ ಬಾರದಿದ್ದರೆ ಗಾಬರಿ ಬೇಡ. ತೆಗೆದ ಹಾಲು ಮುಚ್ಚಿಟ್ಟರೆ ಹೊರಗೆ ನಾಲ್ಕು ಗಂಟೆ ಇರುತ್ತದೆ. ಕುಡಿಸುವುದು ಬಾಟಲಿಯಲ್ಲಿ ಬೇಡ, ನಮ್ಮ ಅಜ್ಜಿಯರ ಒಳಲೆಯೇ (ಕೊಕ್ಕಿರುವ ಪುಟ್ಟ ಬಟ್ಟಲು) ಲೇಸು: ತೊಳೆಯಲು ಮೂಲೆಗಳಿಲ್ಲ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂದು ಕಾನೂನಿನಲ್ಲೇ ಬರೆದಿದೆ. ಇದು ಗೊತ್ತಿರುವ ತಾಯಂದಿರು ಕಡಿಮೆ. ಒಬ್ಬಳೇ ಹೋಗಿ ಮೇಸ್ತ್ರಿಯನ್ನು ಕೇಳುವ ಧೈರ್ಯ ಇರುವವರು ಇನ್ನೂ ಕಡಿಮೆ. ನಾಲ್ವರು ಸೇರಿ ಕೇಳಿದರೆ ಮಾತಿನ ತೂಕವೇ ಬೇರೆ.

ಅತ್ತೆಯಂದಿರನ್ನೂ ತಾಯಂದಿರ ತಾಯಂದಿರನ್ನೂ ವೈರಿಗಳಂತೆ ಕಾಣುವ ಸಭೆ ಮೂರು ತಿಂಗಳೂ ನಡೆಯುವುದಿಲ್ಲ. ಎಣ್ಣೆ ಒತ್ತಿ, ಹಂಡೆ ನೀರು ಕಾಸಿ, ಅಂಟಿನುಂಡೆ ಕಟ್ಟಿ ಬಾಣಂತನ ಮಾಡುವವರು ಅವರೇ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬೆಳ್ಳುಳ್ಳಿ ಸಾರು, ಇವುಗಳಿಂದ ಯಾರಿಗೂ ಕೇಡಿಲ್ಲ, ಅವುಗಳ ತಂಟೆಗೆ ಹೋಗುವುದೇ ಬೇಡ. ಹಟ ಹಿಡಿಯಬೇಕಾದ್ದು ಕೆಲವಕ್ಕೆ ಮಾತ್ರ. ‘ನೀರು ಕುಡಿದ್ರೆ ಹೊಟ್ಟೆ ಬರುತ್ತೆ’ ಎಂದು ನೀರು ತಡೆದರೆ ಮಲಬದ್ಧತೆ, ಉರಿಮೂತ್ರ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿದರೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಪೆಟ್ಟು. ಆರು ತಿಂಗಳವರೆಗೆ ಎದೆಹಾಲಲ್ಲದೆ ಬಜೆ, ಗ್ರೈಪ್ ವಾಟರ್ ಏನೂ ಬೇಡ. ಜೇನುತುಪ್ಪ ಒಂದು ವರ್ಷದವರೆಗೂ ಬೇಡ. ನಾಲ್ಕು ಸಭೆಗೊಮ್ಮೆ ಹಿರಿಯರನ್ನೂ ಕರೆದು, ಅವರ ಕೈಯಿಂದಲೇ ಎಣ್ಣೆ ಒತ್ತುವುದನ್ನು ಮಾಡಿ ತೋರಿಸಿ ಎಂದು ಕೇಳಿ, ಈ ಮಾತುಗಳನ್ನು ಅದರ ನಡುವೆ ಸೇರಿಸಿದರೆ ಒಪ್ಪುತ್ತಾರೆ. ಉಳಿದ ಸಭೆಗಳು ತಾಯಂದಿರಿಗೆ ಮಾತ್ರ.

ಇನ್ನು ಕೆಡುವ ಬಗೆ. ಗುಂಪು ಮುರಿಯಲು ಮೊದಲ ಕಾರಣ, ಹಗಲು ಆಡಿದ ಮಾತು ರಾತ್ರಿಯೊಳಗೆ ಅತ್ತೆಯ ಕಿವಿ ಮುಟ್ಟುವುದು. ಆದ್ದರಿಂದ ನಡೆಸುವವಳು ಯಾವ ಮನೆಗೂ ನೆಂಟಳಾಗಿರಬಾರದು, ಇಲ್ಲಿ ಆಡಿದ್ದು ಹೊಸಿಲಿನಾಚೆ ಹೋಗಬಾರದೆಂದು ಪ್ರತಿ ಸಲವೂ ಹೇಳಬೇಕು. ಎರಡನೆಯದು, ಮಕ್ಕಳ ತೂಕವನ್ನು ಎಲ್ಲರೆದುರು ಗಟ್ಟಿಯಾಗಿ ಓದುವುದು. ಕಡಿಮೆ ತೂಕದ ಮಗುವಿನ ತಾಯಿ ಮುಂದಿನ ಸಭೆಗೆ ಬರುವುದಿಲ್ಲ, ಬರಲೇಬೇಕಾದವಳು ಅವಳೇ. ತೂಕವನ್ನು ‘ತಾಯಿ ಕಾರ್ಡ್’ನಲ್ಲಿ ಬರೆದು ಅವಳ ಕೈಗೇ ಕೊಡಲಿ. ಸ್ತ್ರೀಶಕ್ತಿ ಸಂಘದ ಸಭೆಗೇ ಇದನ್ನೂ ಸೇರಿಸೋಣ ಎನ್ನುವವರಿದ್ದಾರೆ; ಅಲ್ಲಿ ಸಾಲದ ಕಂತಿನ ಲೆಕ್ಕ ಮುಗಿಯುವುದೇ ಇಲ್ಲ, ಕಂತು ಕಟ್ಟದವಳು ಮಗುವನ್ನೂ ಕರೆದುಕೊಂಡು ಬರಲಾರಳು. ಶಕ್ತಿ ಪುಡಿ, ಎಣ್ಣೆ ಮಾರಲು ಬರುವವರನ್ನು ಬಾಗಿಲಲ್ಲೇ ತಡೆಯಬೇಕು. ಡಬ್ಬಿ ಹಾಲಿನ ಪ್ರಚಾರ, ಉಚಿತ ಸ್ಯಾಂಪಲ್ ಎರಡನ್ನೂ 1992ರ ಕಾಯ್ದೆಯೇ ನಿಷೇಧಿಸಿದೆ. ವಾಟ್ಸ್‌ಆ್ಯಪ್ ಗುಂಪು ಸಭೆಯ ದಿನ ತಿಳಿಸಲು ಸಾಕು: ಹಲವರ ಫೋನು ಗಂಡನ ಕೈಯಲ್ಲಿರುತ್ತದೆ, ಹೆತ್ತೂರು, ಯಸಳೂರು ಕಡೆಯ ಒಂಟಿ ಮನೆಗಳಿಗೆ ಸಿಗ್ನಲ್ಲೇ ಸಿಗುವುದಿಲ್ಲ, ಔಷಧಿಯ ಹೆಸರು–ಪ್ರಮಾಣ ಅಲ್ಲಿ ಹರಿದಾಡಿದರೆ ಅಪಾಯ.

ಮಗುವನ್ನು ಕಳೆದುಕೊಂಡ ತಾಯಿಯ ವಿಷಯ ಇಲ್ಲಿ ಹೇಳಲೇಬೇಕು. ಅವಳನ್ನು ಹತ್ತು ಕೂಸುಗಳ ನಡುವೆ ತಂದು ಕೂರಿಸಬಾರದು, ಹಾಗೆಂದು ಮರೆಯಲೂಬಾರದು. ಅವಳಿಗೂ ಎದೆ ಕಟ್ಟುತ್ತದೆ, ರಕ್ತ ಹೋಗುತ್ತದೆ, ಹೊಲಿಗೆ ನೋಯುತ್ತದೆ. ಇಬ್ಬರು ಹೋಗಿ, ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು ಹಿಡಿದೇ ಮಾತಾಡಿ ಬರಬೇಕು. ‘ಇನ್ನೊಂದಾಗುತ್ತೆ ಬಿಡು’ ಎಂಬ ಮಾತು ಬೇಡವೇ ಬೇಡ.

ಮನಸ್ಸಿನ ಕಾಯಿಲೆ ಗುರುತಿಸುವುದು ಗುಂಪಿನ ಕೆಲಸ, ವಾಸಿ ಮಾಡುವುದಲ್ಲ. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣುತ್ತದೆ, ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಬೇಜಾರು ಬಿಡದಿದ್ದರೆ, ಮಗು ಮಲಗಿದರೂ ನಿದ್ದೆ ಹತ್ತದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂದರೆ ಅದು ಖಿನ್ನತೆ ಇರಬಹುದು. ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ ಶೇ 22ರಷ್ಟು ತಾಯಂದಿರಲ್ಲಿ ಇದು ಕಾಣುತ್ತದೆ. ಹತ್ತು ಜನರ ಗುಂಪಿನಲ್ಲಿ ಇಬ್ಬರು. ನಮ್ಮ ಹೆಂಗಸರು ಖಿನ್ನತೆ ಎಂಬ ಮಾತು ಆಡುವುದಿಲ್ಲ; ತಲೆ ಭಾರ, ಎದೆ ಹೊಡ್ಕೊಳ್ಳುತ್ತೆ, ಮೈಯಲ್ಲಿ ಶಕ್ತಿ ಇಲ್ಲ ಅನ್ನುತ್ತಾರೆ. ಕಿವಿ ಅಲ್ಲಿರಬೇಕು. ಸಾಯುವ ಮಾತು ಬಂದರೆ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಬೇಕಿಲ್ಲ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಅಂಗನವಾಡಿ ಗೋಡೆಗೆ ಬರೆದಿಡಲಿ. ಜೊತೆಗೆ ಗುಂಪಿನ ಒಬ್ಬಳು ಹೋಗಲಿ.

ಹಳಬರು ಬಾಣಂತಿ ಸನ್ನಿ ಎನ್ನುವುದು ಬೇರೆ. ಹೆಚ್ಚಾಗಿ ಮೊದಲ ಎರಡು ವಾರದೊಳಗೇ ಶುರುವಾಗುತ್ತದೆ: ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲ, ಇಲ್ಲದ ದನಿ ಕೇಳಿಸುತ್ತದೆ, ಮಗು ತನ್ನದಲ್ಲ ಎನ್ನುತ್ತಾಳೆ, ಮಾತಿಗೆ ಮಾತು ಸೇರುವುದಿಲ್ಲ. ಸಾವಿರ ಹೆರಿಗೆಗೆ ಒಂದೆರಡು ಮಾತ್ರ, ಆದರೆ ತಾಯಿ–ಮಗು ಇಬ್ಬರ ಜೀವಕ್ಕೂ ಅಪಾಯ. ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ ದಿನ ಕಳೆಯುವಂತಿಲ್ಲ. ಮಗುವನ್ನು ಅವಳೊಬ್ಬಳ ಬಳಿ ಬಿಡದೆ, 108 ಕರೆದು ಅಂದೇ ಆಸ್ಪತ್ರೆ ಸೇರಿಸಬೇಕು. ತಾಯಿ–ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಔಷಧಿಗೆ ಚೆನ್ನಾಗಿ ಬಗ್ಗುವ ಕಾಯಿಲೆ ಇದು.

ಖರ್ಚಿನ ಮಾತು ಸಣ್ಣದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತನಿಧಿ ಇದೆ. ಜಮಖಾನ, ಕುರ್ಚಿ, ಫ್ಲಾಸ್ಕು ಅದರಲ್ಲೇ ಆಗುತ್ತವೆ. ಬೇಕಾಗಿರುವುದು ಮೂರು ಅಪ್ಪಣೆ. ಅಂಗನವಾಡಿಯ ಬೀಗದ ಕೈ ಸಾಯಂಕಾಲ, ಭಾನುವಾರವೂ ಗುಂಪಿಗೆ ಸಿಗುವಂತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ತಿಂಗಳಿಗೆ ಎರಡು ಸಭೆಗೆ ಆಶಾಗೆ ಪ್ರೋತ್ಸಾಹಧನ ಸೇರಿಸಲಿ. ಪುಕ್ಕಟೆ ದುಡಿಸಿ ಇದನ್ನು ನಡೆಸುವುದು ಅನ್ಯಾಯ. ಬಾಣಂತಿ ತವರಿನಿಂದ ಹೊರಡುವ ವಾರ, ಅಲ್ಲಿನ ಆಶಾ ಗಂಡನ ಊರಿನ ಆಶಾಗೆ ಫೋನ್ ಮಾಡಿ, ಹೆಸರು, ಮಗುವಿನ ವಯಸ್ಸು, ಕೊನೆಯ ತೂಕ, ಮುಂದಿನ ಲಸಿಕೆಯ ದಿನ ಇಷ್ಟನ್ನು ಹೇಳುವುದನ್ನು ಕಡ್ಡಾಯ ಮಾಡಲಿ. ಅವಳು ಹೊಸ ಊರಿನಲ್ಲಿ ಬಸ್ಸಿಳಿದ ವಾರದಲ್ಲೇ ಅಲ್ಲಿನ ಗುಂಪಿನ ಒಬ್ಬಳು ತಾಯಿ ಬಾಗಿಲು ತಟ್ಟಬೇಕು. ನವೆಂಬರಿಗೆ ಅರೇಬಿಕಾ ಕೊಯ್ಲು ಶುರುವಾದರೆ ಮಾರ್ಚಿನಲ್ಲಿ ರೊಬಸ್ಟಾ ಮುಗಿಯುವವರೆಗೆ ಮಲೆನಾಡಿನ ತಾಲ್ಲೂಕುಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಸಭೆಯ ದಿನ, ಹೊತ್ತು ಗೊತ್ತು ಮಾಡುವುದು ಅದಕ್ಕೆ ಮುಂಚೆಯೇ ಆಗಲಿ.

— ತಾಯಿ–ಮಕ್ಕಳ ಆರೋಗ್ಯದ ಕೆಲಸದಲ್ಲಿರುವ ನಿವೃತ್ತ ಆರೋಗ್ಯ ಸಹಾಯಕಿಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಸಕಲೇಶಪುರ, ಹಾಸನ ಜಿಲ್ಲೆ